ಕೇಸಿನ ಪಾಡಿಗೆ ಕೇಸು, ಪೂಜೆಯ ಪಾಡಿಗೆ ಪೂಜೆ

ನಮ್ಮ ಕಡೆಯ ಮಾಲೀಕರ ಹತ್ತಿರ ಕೆಲಸಗಾರರೇ ಇರುವುದಿಲ್ಲ. ಇರುವವರೆಲ್ಲ ಮನೆ ಮಕ್ಕಳು. ಹುಣಸೂರಿನ ಸಾಮಿಲ್ಲಿನವರು ನನ್ನ ಆಫೀಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರೆ ಮೊದಲು ಆಡುವ ಮಾತು, ಮನೆ ಮಗನಂಗೆ ನೋಡ್ಕೊಂಡಿದ್ದೆ ಕಣಮ್ಮ ಅನ್ನುವುದು. ಪಿರಿಯಾಪಟ್ಟಣದ ತಂಬಾಕು ಷೆಡ್ಡಿನವರದೂ ಅದೇ ಮಾತು. ಕಾಕನಕೋಟೆ ಕಾಡಿನ ಅಂಚಿಗೆ ಒಂದು ರೆಸಾರ್ಟ್ ಇದೆ, ಅದರ ಮ್ಯಾನೇಜರು ಕೇರಳದ ಕಡೆಯವರು. ಕನ್ನಡವೇ ಸರಿಯಾಗಿ ಬಾರದ ಆ ಮನುಷ್ಯನೂ ಬಂದ ವರ್ಷದೊಳಗೆ ಮನೆ ಮಗ ಅನ್ನುವುದನ್ನು ಮಾತ್ರ ಚೆನ್ನಾಗಿ ಕಲಿತುಬಿಟ್ಟರು. ಮನೆ ಮಗನಿಗೆ ಪಿ.ಎಫ್. ಇಲ್ಲ, ಹಾಜರಿ ಇಲ್ಲ, ರಜೆ ಕೇಳಿದರೆ ಮಾಲೀಕರಿಗೆ ಮುನಿಸು. ಅದೇ ಮಗ ಒಂದು ದಿನ ಲೇಬರ್ ಆಫೀಸಿನ ಮೆಟ್ಟಿಲು ಹತ್ತಿದನೋ, ಅವನ್ಯಾರೋ ನನಗೆ ಗೊತ್ತೇ ಇಲ್ಲ ಅನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಇರುವ ಜಾಗದಲ್ಲೇ ನನ್ನ ಅನ್ನ ಹುಟ್ಟುವುದು.

ನಾನು ಮಾಲೀಕರ ಪರ ವಕೀಲೆ. ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿಯ ಮೇಲೆ ನನ್ನ ಆಫೀಸು. ಯೂರಿಯಾದ ವಾಸನೆ ಮೂಗಿಗೆ ಎಷ್ಟು ಒಗ್ಗಿದೆಯೆಂದರೆ, ಮೈಸೂರಿನ ಕಾರ್ಮಿಕ ನ್ಯಾಯಾಲಯದ ಗಾಳಿ ನನಗೆ ಸಪ್ಪೆ ಅನ್ನಿಸುತ್ತದೆ. ವಕೀಲರ ಸಂಘದ ಗೆಳೆಯರು ನನ್ನನ್ನು ಧಣಿಗಳ ಲಾಯರಮ್ಮ ಎಂದು ರೇಗಿಸುತ್ತಾರೆ. ರೇಗಿಸಲಿ. ಕೊಲೆ ಮಾಡಿದವನಿಗೂ ಒಬ್ಬ ವಕೀಲ ಬೇಕು ಎಂದು ಒಪ್ಪುವ ಜನ, ನಾಲ್ಕು ಜನರಿಗೆ ಕೆಲಸ ಕೊಟ್ಟವನಿಗೂ ವಕೀಲ ಬೇಕು ಅಂದರೆ ಮೂಗು ಮುರಿಯುತ್ತಾರೆ. ಬಿಳಿಕೆರೆಯ ಬೇಕರಿಯವನೊಬ್ಬನನ್ನು ಅವನ ಹಳೆಯ ಹುಡುಗರೇ ಸುಮ್ಮಸುಮ್ಮನೆ ಕೋರ್ಟಿಗೆ ಎಳೆದಾಗ ಅವನ ಬೆನ್ನಿಗೆ ನಿಂತವಳು ನಾನೇ. ಆ ಕೇಸು ಗೆದ್ದ ದಿನ ಕಣ್ತುಂಬ ನಿದ್ದೆ ಮಾಡಿದ್ದೆ. ಹಾಗೆಂದು ಎಲ್ಲ ಕೇಸೂ ಬೇಕರಿಯವನ ಕೇಸಲ್ಲ.

ಈಗ ಹೇಳಹೊರಟಿರುವುದು ನಮ್ಮ ಭಾವನ ಕೇಸು. ಭಾವ ಎಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಕೆ.ಆರ್. ನಗರದ ಹೊರಗೆ, ನಾಲೆ ದಾಟಿದ ಮೇಲೆ ಅವರ ರೈಸ್ ಮಿಲ್ಲು. ಮಿಲ್ಲಿನ ಕಾಂಪೌಂಡಿನೊಳಗೇ ಮನೆ. ಭಾವ, ಅವರ ತಾಯಿ, ಅವರ ತಮ್ಮ, ಅಕ್ಕ, ಅಕ್ಕನ ಮಗಳು, ಎಲ್ಲರೂ ಒಂದೇ ಸೂರಿನಡಿ. ಭತ್ತದ ಧೂಳು ಅವರ ಮನೆಯ ಉಪ್ಪಿನಕಾಯಿ ಜಾಡಿಯ ಮೇಲೂ ಕೂತಿರುತ್ತದೆ. ಅಕ್ಕ ಮದುವೆಯಾದ ಹೊಸದರಲ್ಲಿ ಒರೆಸಿ ಒರೆಸಿ ಸಾಕಾಗಿ, ಆಮೇಲೆ ಅದೂ ಮನೆಯ ಒಬ್ಬ ಸದಸ್ಯ ಎಂದುಕೊಂಡು ಸುಮ್ಮನಾದಳು.

ಆ ಮಿಲ್ಲಿನ ಯಂತ್ರ ನಡೆಸುತ್ತಿದ್ದವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಆದರೆ ಅಕ್ಕನ ಮನೆಯಲ್ಲಿ ಎಲ್ಲರೂ ಅವನು ಇವನು ಎನ್ನುತ್ತಿದ್ದುದರಿಂದ ನನ್ನ ಬಾಯಿಗೂ ಅದೇ ಬರುತ್ತದೆ. ನಾನು ಓದುತ್ತಿದ್ದ ಕಾಲದಲ್ಲೇ ಆತ ಅಲ್ಲಿದ್ದ. ಮಹಾ ಜಂಬದ ಮನುಷ್ಯ. ಯಂತ್ರಕ್ಕೆ ಬೇರೆ ಯಾರೂ ಎಣ್ಣೆ ಹಾಕುವ ಹಾಗಿರಲಿಲ್ಲ, ಬೆಲ್ಟು ಮುಟ್ಟುವ ಹಾಗಿರಲಿಲ್ಲ. ಮಿಲ್ಲಿನ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲಾದ್ದರಿಂದ ಹೆಂಡತಿಯ ಹತ್ತಿರ ಮಾತಾಡಿದರೂ ಜಗಳದ ಹಾಗೆ ಕೇಳುತ್ತಿತ್ತು. ಭಾವನಿಗೂ ಬೈಯುತ್ತಿದ್ದ. ಭಾವ ನಗುತ್ತಿದ್ದರು. ಧಣಿಯನ್ನು ಬೈಯುವ ಹಕ್ಕು ಇರುವವನು ಒಬ್ಬ ಇರಬೇಕು, ಅದು ಮಿಲ್ಲಿಗೆ ಶೋಭೆ ಎಂಬಂತಿತ್ತು ಅವರ ನಗು.

ಕೆಟ್ಟಿದ್ದು ಭಾವನ ತಮ್ಮ ಮಿಲ್ಲಿನ ವ್ಯವಹಾರಕ್ಕೆ ಕೈ ಹಾಕಿದ ಮೇಲೆ. ಒಂದು ಬೆಳಿಗ್ಗೆ ಮೇಸ್ತ್ರಿ ಬರುವ ಮೊದಲೇ ಈ ತಮ್ಮ ತಾನೇ ಯಂತ್ರ ಶುರು ಮಾಡಿ ಹಸಿ ಭತ್ತ ಸುರಿಸಿದ. ಮೇಸ್ತ್ರಿ ಬಂದು ನೋಡಿ, ಹಮಾಲಿಗಳೆಲ್ಲ ನಿಂತಿದ್ದ ಹಾಗೆಯೇ ಹ್ಯಾಂಡಲ್ ಕೆಳಗೆಳೆದು ಯಂತ್ರ ನಿಲ್ಲಿಸಿ, ಕೈ ತೆಗಿಯಲಾ ಎಂದುಬಿಟ್ಟ. ಆ ತಮ್ಮ ಚಡ್ಡಿ ಹಾಕುತ್ತಿದ್ದಾಗಿನಿಂದ ಲಾ ಎನ್ನುತ್ತಿದ್ದ ಬಾಯಿ ಅದು. ಆದರೆ ಈಗ ಅವನು ಕಾರಿನಲ್ಲಿ ಓಡಾಡುವ, ಕೊರಳಿಗೆ ಸರ ಹಾಕುವ ಧಣಿ. ಸಂಜೆಯೊಳಗೆ ಭಾವ ಮೇಸ್ತ್ರಿಯನ್ನು ಕರೆದು, ನಾಳೆಯಿಂದ ಬರಬೇಡ ಎಂದರು. ಆತ ಬರಲಿಲ್ಲ. ಬದಲಿಗೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂರಲು ಶುರು ಮಾಡಿದ. ದಿನಾ ಬೆಳಿಗ್ಗೆ ಕೆಲಸದ ಹೊತ್ತಿಗೆ ಬಂದು ಮಿಲ್ಲಿನ ಕಡೆ ಮುಖ ಮಾಡಿ ಕೂತು, ಮಧ್ಯಾಹ್ನ ಊಟಕ್ಕೆ ಹೋಗಿ, ಮತ್ತೆ ಬಂದು ಕೂರುತ್ತಿದ್ದ. ಆಮೇಲೆ ಯಾರೋ ಹೇಳಿಕೊಟ್ಟು ಮೈಸೂರಿನ ಕೋರ್ಟಿಗೆ ಹೋದ. ಆತ ಕೇಳಿದ್ದು ಒಂದೇ, ನನ್ನ ಕೆಲಸ ನನಗೆ ಕೊಡಿಸಿ.

ಆ ಫೈಲು ನನ್ನ ಕೈಗೆ ಬರುವ ಹೊತ್ತಿಗೇ ಅದರ ಹೊಟ್ಟೆಯಲ್ಲಿ ಸುಳ್ಳು ಕೂತಿತ್ತು. ಮೊದಲು ಅದನ್ನು ಹಿಡಿದಿದ್ದವರು ಮೈಸೂರಿನ ಒಬ್ಬ ಹಿರಿಯ ವಕೀಲರು. ಅವರು ಮಾಮೂಲಿನಂತೆ ತಕರಾರು ಹಾಕಿದ್ದರು: ಅರ್ಜಿದಾರ ನಮ್ಮ ಕಾರ್ಮಿಕನೇ ಅಲ್ಲ, ಎಂದೂ ಯಂತ್ರ ನಡೆಸಿಲ್ಲ, ಯಾವಾಗಲಾದರೊಮ್ಮೆ ಲಾರಿಗೆ ಮೂಟೆ ಏರಿಸಲು ಬರುತ್ತಿದ್ದ ಬಿಡಿಗೂಲಿ. ಆಮೇಲೆ ಅವರಿಗೆ ಸರ್ಕಾರಿ ವಕೀಲಿಕೆ ಸಿಕ್ಕಿತು, ಫೈಲು ವಾಪಸ್ ಬಂತು. ಭಾವ ಅದನ್ನು ಒಂದು ಮದುವೆ ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುವ ಹೊತ್ತಿಗೆ ನನ್ನ ತಲೆಗೆ ಕಟ್ಟಿದರು. ಮನೆಯಲ್ಲೇ ಲಾಯರು ಇಟ್ಟುಕೊಂಡು ಹೊರಗೆ ಯಾಕೆ ಹೋಗಲಿ ಎಂದರು. ಎಲೆಯ ಮುಂದೆ ಕೂತವಳು ಏನು ಹೇಳಲಿ? ಅಕ್ಕ ಎದುರು ಸಾಲಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಹ್ಞೂಂ ಎಂದೆ.

ರಾಜಿ ಮಾಡಿಕೊಳ್ಳಿ ಎಂದು ಭಾವನಿಗೆ ಬಹಳ ಸಲ ಹೇಳಿದೆ. ಆತ ಯಂತ್ರ ನಡೆಸಿದ್ದನ್ನು ಇಡೀ ಕೆ.ಆರ್. ನಗರ ನೋಡಿದೆ ಎಂದೆ. ನೋಡಿದೋರು ಬಂದು ಕೋರ್ಟಲ್ಲಿ ಹೇಳ್ತಾರಾ ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆಯೇ. ಯಾರೂ ಹೇಳುವುದಿಲ್ಲ. ನಾಳೆ ಅದೇ ಮಿಲ್ಲಿಗೆ ಭತ್ತ ತರಬೇಕಾದವರು, ತೌಡು ಒಯ್ಯಬೇಕಾದವರು. ಈ ಲೆಕ್ಕದಲ್ಲಿ ನಮ್ಮ ಕೇಸು ಗಟ್ಟಿಯಾಗಿತ್ತು. ಕಕ್ಷಿದಾರ ಹೇಳಿದ್ದನ್ನು ವಕೀಲೆ ಹೇಳುತ್ತಾಳೆ, ಸತ್ಯ ಹುಡುಕುವುದು ನ್ಯಾಯಾಧೀಶರ ಕೆಲಸ ಎಂದು ನನಗೆ ನಾನೇ ಹೇಳಿಕೊಂಡು ನಡೆಯುತ್ತಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು.

ಪ್ರತಿವರ್ಷ ಆಯುಧಪೂಜೆಗೆ ನಾನು ಅಕ್ಕನ ಮನೆಗೆ ಹೋಗುತ್ತೇನೆ. ಮಿಲ್ಲನ್ನು ತೊಳೆದು, ಮೋಟರಿಗೆ, ಬೆಲ್ಟಿಗೆ, ತೂಕದ ಯಂತ್ರಕ್ಕೆ, ಲಾರಿಗೆ, ಕೊನೆಗೆ ಕಸ ಗುಡಿಸುವ ಪೊರಕೆಗೂ ಅರಿಶಿನ ಕುಂಕುಮ ಇಡುತ್ತಾರೆ. ಆಮೇಲೆ ದೊಡ್ಡ ಯಂತ್ರದ ಮುಂದೆ ಬೂದುಗುಂಬಳ ಒಡೆಯಬೇಕು. ನಮ್ಮ ಕಡೆ ಅದಕ್ಕೊಂದು ಕಟ್ಟು ಇದೆ. ಕಾಯಿಯನ್ನು ಧಣಿ ಒಡೆಯುವುದಿಲ್ಲ, ಪೂಜಾರಿ ಒಡೆಯುವುದಿಲ್ಲ. ವರ್ಷವೆಲ್ಲ ಯಾರ ಕೈ ಆ ಯಂತ್ರದ ಮೇಲೆ ಆಡಿದೆಯೋ ಅವನೇ ಒಡೆಯಬೇಕು. ಬಸ್ಸಿನ ಮುಂದೆ ಡ್ರೈವರು, ಗರಗಸದ ಮುಂದೆ ಮರ ಕೊಯ್ಯುವವನು. ಮಿಕ್ಕವರು ಒಡೆದರೆ ಯಂತ್ರ ಆಳಿನ ಬಲಿ ಕೇಳುತ್ತದೆ ಎಂಬ ಭಯ.

ಆ ವರ್ಷ ಭಾವನ ತಮ್ಮ ಕುಂಬಳಕಾಯಿಗೆ ಕೈ ಹಾಕಿದ. ಭಾವನ ತಾಯಿ ಬೇಡ ಎಂದರು. ಮೇಸ್ತ್ರಿ ಹೋದ ಮೇಲೆ ಒಂದು ಸಲ ಮೋಟರು ಸುಟ್ಟಿತ್ತು, ಒಬ್ಬ ಹಮಾಲಿಯ ಕಾಲಿಗೆ ಮೂಟೆ ಬಿದ್ದಿತ್ತು. ಮುದುಕಿ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ ಇಟ್ಟುಕೊಂಡಿದ್ದರು. ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. "ಅದ್ನ ಮೊದ್ಲು ಮುಟ್ಟಿದ್ದು ಅವ್ನ ಕೈ. ಅವ್ನೇ ಬಂದು ಒಡೀಲಿ, ಓಗಿ ಕರ್ಕಂಬನ್ನಿ," ಎಂದರು. ಭಾವ ಒಂದು ಕ್ಷಣವೂ ಯೋಚಿಸಲಿಲ್ಲ. ಎದುರಿನ ಟೀ ಅಂಗಡಿಗೆ ಆಳು ಕಳಿಸಿಬಿಟ್ಟರು.

ನಾನು ಭಾವನನ್ನು ಪಕ್ಕಕ್ಕೆ ಕರೆದು, ಕೋರ್ಟಿನಲ್ಲಿ ಇವನು ಯಂತ್ರವನ್ನೇ ಮುಟ್ಟಿಲ್ಲ ಎಂದಿದ್ದೇವೆ, ಈಗ ನೀವೇ ಕರೆಸಿ ಯಂತ್ರದ ಮುಂದೆ ನಿಲ್ಲಿಸುತ್ತೀರಲ್ಲ, ತಲೆ ಕೆಟ್ಟಿದೆಯಾ ಎಂದು ಹಲ್ಲು ಕಚ್ಚಿ ಕೇಳಿದೆ. ಭಾವ ನನ್ನನ್ನು ಪಾಪದವಳು ಎಂಬಂತೆ ನೋಡಿದರು. "ನೀ ಒಳ್ಳೆ ಕಣಮ್ಮ. ಕೇಸಿನ ಪಾಡಿಗೆ ಕೇಸು, ಪೂಜೆಯ ಪಾಡಿಗೆ ಪೂಜೆ. ಎರಡನ್ನೂ ಯಾಕೆ ಕಲಸ್ತೀಯ?" ಎಂದರು.

ಆತ ಬಂದ. ಮನೆಗೆ ಹೋಗಿ ಸ್ನಾನ ಮಾಡಿ, ಒದ್ದೆ ತಲೆಯಲ್ಲಿ, ಹೊಸ ಪಂಚೆ ಉಟ್ಟು, ಹಣೆಗೆ ವಿಭೂತಿ ಬಳಿದು ಗೇಟಿನೊಳಗೆ ಬಂದ. ನೇರ ಯಂತ್ರದ ಹತ್ತಿರ ಹೋದ. ಇಟ್ಟಿದ್ದ ಕುಂಕುಮವೆಲ್ಲ ತಪ್ಪು ಜಾಗದಲ್ಲಿದೆ ಎಂದು ಗೊಣಗಿ, ಒರೆಸಿ, ತಾನೇ ಮತ್ತೆ ಇಟ್ಟ. ಕರ್ಪೂರ ಹಚ್ಚಿದ. ಕುಂಬಳಕಾಯಿಯನ್ನು ಎರಡು ಕೈಯಲ್ಲಿ ಎತ್ತಿ ಯಂತ್ರಕ್ಕೆ ಇಳಿ ತೆಗೆದು ನೆಲಕ್ಕೆ ಅಪ್ಪಳಿಸಿದ. ಮುದುಕಿ ಕೈ ಮುಗಿದರು. ಅಕ್ಕನ ಮಗಳು ಮೊಬೈಲಿನಲ್ಲಿ ಅಷ್ಟನ್ನೂ ಹಿಡಿದಳು. ಆತ ಕಡಲೆಪುರಿ ಹಂಚುತ್ತ ಬಂದು ನನ್ನ ಅಂಗೈಗೂ ಹಾಕಿದ. ತಗಳ್ಳಿ ಅವ್ವ ಎಂದ. ನಾನು ಅವನ ಎದುರು ಪಾರ್ಟಿಯ ವಕೀಲೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಲೆ ಅಡಿಕೆ ಬಾಳೆಹಣ್ಣು ತೆಗೆದುಕೊಂಡು, ಬಂದ ಹಾಗೆಯೇ ಗೇಟು ದಾಟಿ ಟೀ ಅಂಗಡಿಗೆ ಹೋಗಿ ಕೂತ. ಇರು ಎಂದು ಯಾರೂ ಅನ್ನಲಿಲ್ಲ. ಇರಲೇ ಎಂದು ಅವನೂ ಕೇಳಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಕೇಳಿದ್ದೆ. ನಮ್ಮ ಭಾವ ಕಳ್ಳ ಅನ್ನುವ ಮೊದಲೇ ಕುಂಬಳಕಾಯಿಯನ್ನೇ ಹೊತ್ತು ತಂದು ಊರೆದುರು ಒಡೆಸಿದ್ದರು. ಅಕ್ಕನ ಮಗಳಿಗೆ ಆ ವಿಡಿಯೋ ಅಳಿಸು ಎಂದು ಗದರಿದೆ. ಆಗಲೇ ಸ್ಟೇಟಸ್ಸಿಗೆ ಹಾಕಿದ್ದೀನಿ ಚಿಕ್ಕಮ್ಮ ಎಂದಳು.

ಹುಣಸೂರಿಗೆ ವಾಪಸ್ ಬಂದವಳು ಭಾವನಿಗೆ ಫೋನು ಮಾಡಿ, ಈ ಕೇಸು ನನ್ನಿಂದ ಆಗುವುದಿಲ್ಲ ಎಂದೆ. ನಾನೇ ನಿಂತು ನೋಡಿದ್ದನ್ನು ನಾನೇ ಇಲ್ಲ ಎಂದು ಹೇಳಲಾರೆ, ಬೇರೆಯವರನ್ನು ಇಟ್ಟುಕೊಳ್ಳಿ ಎಂದೆ. ಭಾವ ಹಾಗಾ, ಆಯ್ತು ಬಿಡಮ್ಮ ಎಂದರು. ಇಷ್ಟು ಸುಲಭವಾಗಿ ಬಿಟ್ಟರಲ್ಲ ಎಂದು ಆಶ್ಚರ್ಯಪಟ್ಟೆ. ಮಾರನೆಯ ದಿನ ಅಕ್ಕ ಬಸ್ಸು ಹತ್ತಿ ಬಂದಳು.

ಅಕ್ಕ ಹುಣಸೂರಿಗೆ ಬಂದರೆ ನೇರ ನನ್ನ ಮನೆಗೆ ಹೋಗುವವಳು. ಅವತ್ತು ಆಫೀಸಿಗೇ ಬಂದು, ಕಕ್ಷಿದಾರರು ಕೂರುವ ಕುರ್ಚಿಯಲ್ಲೇ ಕೂತಳು. ಅದೇ ನನಗೆ ಮೊದಲು ಚುಚ್ಚಿದ್ದು. ಮೇಸ್ತ್ರಿಗೆ ಅನ್ಯಾಯವಾಗಿಲ್ಲ ಎಂದು ಅವಳೇನೂ ವಾದಿಸಲಿಲ್ಲ. ಅವನಿಗೆ ಎಷ್ಟೋ ವರ್ಷ ತನ್ನ ಕೈಯಾರೆ ಕಾಫಿ ಕೊಟ್ಟವಳು ಅವಳು. ಅವಳು ಹೇಳಿದ್ದು ಬೇರೆ. ಮೈದುನ ಈಗಾಗಲೇ ಪಾಲು ಕೇಳುತ್ತಿದ್ದಾನೆ, ಅಣ್ಣ ಮಿಲ್ಲು ನಡೆಸಲು ಲಾಯಕ್ಕಲ್ಲ ಎನ್ನುತ್ತಿದ್ದಾನೆ, ಹೆಂಡತಿಯ ತಂಗಿಯೇ ಕೇಸು ಬಿಸಾಕಿ ಹೋದಳು ಎಂದರೆ ಆ ಮನೆಯಲ್ಲಿ ತಾನು ತಲೆ ಎತ್ತುವುದು ಹೇಗೆ ಎಂದು ಕೇಳಿದಳು. "ನೀನು ಕರಿ ಕೋಟು ಬಿಚ್ಚಿಟ್ಟು ಮನೆಗೆ ಹೋಗ್ತೀಯ ಕಣೆ. ನಾನು ಅಲ್ಲೇ ಬಾಳ್ಬೇಕು," ಎಂದಳು. ಕಣ್ಣೀರು ಹಾಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಹಾಕಲಿಲ್ಲ.

ಅತ್ತ ದರಿ ಇತ್ತ ಪುಲಿ ಎಂದು ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆದು ಭೇಷ್ ಅನ್ನಿಸಿಕೊಂಡವಳು ನಾನು. ಅದರ ಅರ್ಥ ಆ ಮಧ್ಯಾಹ್ನ ಗೊತ್ತಾಯಿತು. ಅಕ್ಕನನ್ನು ಬಸ್ಸು ಹತ್ತಿಸಿ ಬಂದು, ಫೈಲನ್ನು ಮತ್ತೆ ಕಪಾಟಿನಿಂದ ತೆಗೆದೆ.

ಅವನ ಪಾಟೀಸವಾಲಿನ ದಿನ ಬಂತು. ಎದುರು ಪಾರ್ಟಿಯ ಸಾಕ್ಷಿಯನ್ನು ನಮ್ಮ ಕಡೆಯ ವಕೀಲರು ಪ್ರಶ್ನಿಸುವುದಕ್ಕೆ ಪಾಟೀಸವಾಲು ಎನ್ನುತ್ತಾರೆ. ಅದರಲ್ಲೊಂದು ನಿಯಮವಿದೆ. ನಮ್ಮ ವಾದ ಏನಿದೆಯೋ ಅದನ್ನು ಸಾಕ್ಷಿಯ ಮುಖಕ್ಕೇ ಇಟ್ಟು ಕೇಳಬೇಕು. ಕೇಳದಿದ್ದರೆ ಅವನು ಹೇಳಿದ್ದನ್ನು ನಾವು ಒಪ್ಪಿಕೊಂಡ ಹಾಗೆ. ನೀನು ಯಂತ್ರ ನಡೆಸಿಲ್ಲ, ಸರಿಯಾ ಎಂದು ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಲೇಬೇಕಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೊಂದೇ ವಾಕ್ಯವನ್ನು ಬಾಯಲ್ಲಿ ಹೊರಳಿಸಿದೆ. ನನ್ನ ದೊಡ್ಡ ಭಯ ಆ ವಿಡಿಯೋ. ಅವನ ವಕೀಲ ಅದನ್ನು ಕೋರ್ಟಿಗೆ ಕೊಟ್ಟಿದ್ದರೆ ಕೇಸು ಅಲ್ಲಿಗೇ ಮುಗಿಯಿತು. ಎಲ್ಲೋ ಒಳಗೆ, ಕೊಟ್ಟಿರಲಪ್ಪ ದೇವರೇ ಎಂದೂ ಅನ್ನಿಸುತ್ತಿತ್ತು. ನನ್ನ ಕೈಯಲ್ಲಿಲ್ಲದೆ ಸೋತರೆ ಅಕ್ಕನಿಗೂ ಹೇಳಬಹುದು, ನನಗೂ ಹೇಳಿಕೊಳ್ಳಬಹುದು.

ಕೊಟ್ಟಿರಲಿಲ್ಲ. ಅವನ ವಕೀಲನಿಗೆ ಆ ಪೂಜೆಯ ವಿಷಯವೇ ಗೊತ್ತಿರಲಿಲ್ಲ. ಮೇಸ್ತ್ರಿ ಹೇಳಿಯೇ ಇರಲಿಲ್ಲ. ಆಮೇಲೆ ಒಂದು ದಿನ ಯಾಕೆಂದು ಕೇಳಿದ್ದಕ್ಕೆ, ದೇವ್ರ ಮುಂದೆ ಮಾಡಿದ್ನ ಕೋರ್ಟಲ್ಲಿ ತಂದು ಸುರಿಯೋಕಾಯ್ತದಾ ಎಂದ. ಭಾವನ ಮಾತೇ ಅದು. ಅವನ ಬಾಯಲ್ಲಿ ಸ್ವಲ್ಪ ಬೇರೆ ಪದ, ಅಷ್ಟೇ. ಇಬ್ಬರನ್ನೂ ಒಂದೇ ಬಾವಿಗೆ ನೂಕಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು ನನಗೆ.

ಕಟಕಟೆಯಲ್ಲಿ ಆತ ಇಸ್ತ್ರಿ ಮಾಡಿದ ಷರ್ಟು ಹಾಕಿ ನಿಂತಿದ್ದ. ಮಿಲ್ಲಿನ ಸದ್ದಿಲ್ಲದ ಆ ಹಾಲಿನಲ್ಲಿ ಅವನ ಗಂಟಲು ದೊಡ್ಡದಾಗಿ ಕೇಳಿಸಿ, ಮೆಲ್ಲಗೆ ಮಾತಾಡಿ ಎಂದು ನ್ಯಾಯಾಧೀಶರು ಒಂದು ಸಲ ಹೇಳಿದರು. ಹಿಂದಿನ ಬೆಂಚಿನಲ್ಲಿ ಭಾವ ಕೂತಿದ್ದರು. ನಾನು ಸಣ್ಣಪುಟ್ಟ ಪ್ರಶ್ನೆಗಳನ್ನೆಲ್ಲ ಮುಗಿಸಿದೆ. ನೇಮಕದ ಪತ್ರ ಇದೆಯಾ? ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆಯಾ? ಗೊತ್ತಿಲ್ಲ. ಜೊತೆಗೆ ಕೆಲಸ ಮಾಡಿದವರು ಯಾರಾದರೂ ಸಾಕ್ಷಿ ಹೇಳುತ್ತಾರಾ? ಇಲ್ಲ. ಕೊನೆಗೆ ಅದೊಂದೇ ಉಳಿಯಿತು.

"ಆ ಮಿಲ್ಲಿನಲ್ಲಿ ನೀವು ಯಾವತ್ತೂ ಯಂತ್ರ ನಡೆಸಿಲ್ಲ. ಸರಿಯಾ?"

ಅವನು ತನ್ನ ವಕೀಲನ ಕಡೆ ನೋಡಲಿಲ್ಲ, ಭಾವನ ಕಡೆಯೂ ನೋಡಲಿಲ್ಲ. ನನ್ನನ್ನು ನೋಡಿದ. ನನಗೇನೋ ಮರೆತುಹೋಗಿದೆ, ತಾನು ನೆನಪಿಸಬೇಕು ಎಂಬಂತೆ, "ನೀವೂ ಅಲ್ಲೇ ನಿಂತಿದ್ರಲ್ಲವ್ವ," ಎಂದ.

ನ್ಯಾಯಾಧೀಶರು ತಲೆ ಎತ್ತಿ, ಎಲ್ಲಿ ಎಂದು ಕೇಳಿದರು.

ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ ಗೊತ್ತಿಲ್ಲ. ಆ ಮನೆಯ ಹೆಣ್ಣುಮಗಳೊಬ್ಬಳನ್ನು ನಾಲ್ಕು ಜನರ ಮುಂದೆ ಸುಳ್ಳುಗಾತಿ ಮಾಡಿಬಿಟ್ಟೆ ಎಂದು ಅವನಿಗೆ ಅನ್ನಿಸಿರಬೇಕು. ನಮ್ಮ ಕಡೆಯವರು ಗಂಡಸಿನ ಮುಖಕ್ಕೆ ಹೊಡೆದ ಹಾಗೆ ಮಾತಾಡಿಬಿಡುತ್ತಾರೆ, ಉಂಡ ಮನೆಯ ಹೆಂಗಸಿನ ಮಾತನ್ನು ಎದುರಿಗೆ ನಿಂತು ಮುರಿಯುವುದಿಲ್ಲ. "ಏನಿಲ್ಲ ಸ್ವಾಮಿ. ಅವ್ವಾರು ಎಂಗೆ ಯೋಳ್ತಾರೋ ಅಂಗೇ ಬರ್ಕೊಳ್ಳಿ," ಎಂದುಬಿಟ್ಟ.

ಟೈಪ್ ಮಾಡುತ್ತಿದ್ದ ಹುಡುಗಿಯ ಕೈ ನಿಂತಿತು. ಅವನ ವಕೀಲ ಯಾವುದೋ ಬೇರೆ ಫೈಲು ತಿರುವುತ್ತಿದ್ದ, ಏನಾಯಿತೆಂದು ಅವನಿಗೆ ಹೊಳೆಯಲೇ ಇಲ್ಲ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತ, ಏನಂತ ಬರೆಸಲಿ ಮೇಡಂ ಎಂದರು. ಸರಿ ಎಂಬ ಒಂದು ಪದ ಬರೆಸಿದ್ದರೆ ಕೇಸು ನಮ್ಮದು. ಅವನು ತನ್ನ ಕೆಲಸವನ್ನು ನನ್ನ ಮರ್ಯಾದೆಗಾಗಿ ಕೈ ಎತ್ತಿ ಕೊಟ್ಟಿದ್ದ. ನಾನು ತೆಗೆದುಕೊಂಡರಾಯಿತು.

ಪ್ರಶ್ನೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಪಾಟೀಸವಾಲು ಮುಗಿಯಿತು ಎಂದು ಕೂತುಬಿಟ್ಟೆ. ಭಾವನಿಗೆ ಏನೂ ಅರ್ಥವಾಗದೆ, ಚೆನ್ನಾಗಿ ಕೇಳಿದೆ ಎಂಬಂತೆ ನನ್ನತ್ತ ತಲೆಯಾಡಿಸಿದರು.

ನ್ಯಾಯಾಧೀಶರಿಗೆ ಮಾತ್ರ ಎಲ್ಲ ಅರ್ಥವಾಗಿತ್ತು. ಕೇಳಬೇಕಾದದ್ದನ್ನು ಮಾಲೀಕರ ಕಡೆಯವರು ಕೇಳಲಿಲ್ಲ ಎಂದರೆ ಆ ಕೇಸಿಗೆ ಕಾಲಿಲ್ಲ. ಊಟದ ನಂತರ ಎರಡೂ ಕಡೆಯವರನ್ನು ಕರೆದು, ರಾಜಿಯಾಗುವುದು ಒಳ್ಳೆಯದು ಎಂದರು. ನಾನು ಭಾವನನ್ನು ವರಾಂಡಕ್ಕೆ ಕರೆದೊಯ್ದು ನಮ್ಮ ವಾದ ಇನ್ನು ನಿಲ್ಲುವುದಿಲ್ಲ ಎಂದು ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಅಂಗಳದ ಹುಣಸೇಮರದ ಕಡೆ ನೋಡುತ್ತ, ವಾಪಸ್ ತಗೊಂಡ್ರೆ ಸಂಬಳ ಕೊಟ್ರೆ ಸಾಕಾ, ಕೆಲಸ ಕೊಡ್ಲೇಬೇಕಾ ಎಂದು ಕೇಳಿದರು. ಸಂಬಳ ಕೊಟ್ಟರೆ ಸಾಕು, ಕೆಲಸ ಮಾಡಿಸಲೇಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ ಎಂದೆ. ಯಂತ್ರ ರಿಪೇರಿಗೆ ನಿಂತ ದಿನಗಳ ವಿಷಯ ಕೇಳುತ್ತಿದ್ದಾರೆ ಎಂದುಕೊಂಡಿದ್ದೆ ನಾನು.

ಭಾವ ಒಳಗೆ ಬಂದು ಕೈ ಮುಗಿದು, ಬರ್ಲಿ ಬುಡಿ ಸ್ವಾಮಿ, ನಮ್ಮವನೇ ಎಂದರು. ನ್ಯಾಯಾಧೀಶರು ಸಂತೋಷಪಟ್ಟರು. ಮೇಸ್ತ್ರಿ ಕಣ್ಣು ಒರೆಸಿಕೊಂಡ. ಅವತ್ತು ಅವನ ಹೆಂಡತಿ ಬೀದಿಗೆಲ್ಲ ಕೇಸರಿಬಾತು ಹಂಚಿದಳಂತೆ. ಅಕ್ಕ ಫೋನು ಮಾಡಿ, ಎಲ್ಲ ಒಳ್ಳೆಯದಾಯಿತು ಕಣೆ ಎಂದಳು. ನನಗೂ ಹಾಗೇ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ಅವತ್ತು ಬಸ್ಸಿನಲ್ಲಿ ಕಿಟಕಿ ತೆಗೆದು ಕೂತೆ.

ಬೇಸಿಗೆ ಕಳೆದ ಮೇಲೆ ಅಕ್ಕನ ಮನೆಗೆ ಹೋದೆ. ಗೇಟು ದಾಟಿದರೆ ಎಡಕ್ಕೆ ತೂಕದ ಯಂತ್ರ. ಅದರ ಪಕ್ಕ ಬೇವಿನ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಮೇಸ್ತ್ರಿ ಕೂತಿದ್ದ. ಲಾರಿ ತೂಕಕ್ಕೆ ಬಂದಿದೆ, ನೋಡುತ್ತಿದ್ದಾನೆ ಎಂದುಕೊಂಡೆ. ಲಾರಿ ಇರಲಿಲ್ಲ. ನನ್ನನ್ನು ಕಂಡು ಎದ್ದ, ಟವೆಲು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದ. ಕೆಲಸ ಹೇಗಿದೆ ಎಂದು ಕೇಳಿದೆ.

ಕೆಲಸ ಇರಲಿಲ್ಲ. ವಾಪಸ್ ಬಂದ ಮೊದಲ ದಿನವೇ ಭಾವ ಆ ಕುರ್ಚಿ ಹಾಕಿಸಿ, ಇಲ್ಲಿ ಕೂತ್ಕೋ ಎಂದಿದ್ದರು. ಬೆಳಿಗ್ಗೆ ಬಂದು ಕೂರುವುದು, ಸಂಜೆ ಎದ್ದು ಹೋಗುವುದು. ತಿಂಗಳಿಗೆ ಸಂಬಳ ಕೈಗೆ ಬರುತ್ತದೆ, ಒಂದು ಪೈಸೆ ಕಡಿಮೆಯಿಲ್ಲ. ಯಂತ್ರದ ಷೆಡ್ಡಿನೊಳಗೆ ಮಾತ್ರ ಕಾಲಿಡುವ ಹಾಗಿಲ್ಲ. ಅಲ್ಲಿ ಭಾವನ ತಮ್ಮ. ಹಮಾಲಿಗಳು ಮೂಟೆ ಹೊತ್ತು ಅವನ ಮುಂದೆಯೇ ಹಾದು ಹೋಗುತ್ತಾರೆ, ಮೊದಮೊದಲು ಮಾತಾಡಿಸುತ್ತಿದ್ದರು, ಈಗ ಇಲ್ಲ. ಇದನ್ನೆಲ್ಲ ಹೇಳುವಾಗ ಅವನ ಗಂಟಲು ನನಗೆ ಸರಿಯಾಗಿ ಕೇಳಿಸಲಿಲ್ಲ, ಹತ್ತಿರ ಹೋಗಬೇಕಾಯಿತು.

ವರಾಂಡದಲ್ಲಿ ಭಾವ ಕೇಳಿದ ಪ್ರಶ್ನೆ ಆಗ ನನಗೆ ಅರ್ಥವಾಯಿತು. ಉತ್ತರ ಕೊಟ್ಟವಳು ನಾನೇ. ನನ್ನ ಕೈಲಿದ್ದ ಹಣ್ಣಿನ ಚೀಲವನ್ನು ಅಲ್ಲೇ ಎಸೆದು ಬಸ್ ಸ್ಟ್ಯಾಂಡಿಗೆ ವಾಪಸ್ ಹೋಗಬೇಕು ಅನ್ನಿಸಿತು. ಜಗಲಿಯ ಮೇಲೆ ಅಕ್ಕ ನಿಂತು, ನಾನು ಅವನ ಹತ್ತಿರ ಏನು ಮಾತಾಡುತ್ತೇನೋ ಎಂದು ನೋಡುತ್ತಿದ್ದಳು.

ಬಿಟ್ಟು ಬೇರೆ ಕಡೆ ಹೋಗಬಾರದೇ ಎಂದು ಕೇಳಿದೆ. ಧಣಿ ಮೇಲೆ ಕೇಸು ಹಾಕಿದವನನ್ನು ಯಾವ ಮಿಲ್ಲಿನವರು ಸೇರಿಸಿಕೊಳ್ಳುತ್ತಾರೆ ಎಂದ. ಮನೆಯಲ್ಲಿ ಇರೋಣವೆಂದರೆ ಬೀದಿಗೆಲ್ಲ ಸಿಹಿ ಹಂಚಿದ ಹೆಂಡತಿಯ ಮುಖ ನೋಡುವುದು ಹೇಗೆ ಎಂದ. ಟೀ ಅಂಗಡಿಯಲ್ಲಿ ಕೂತಿದ್ದಾಗ ಕಾಯುವುದಕ್ಕೆ ಒಂದು ಕೋರ್ಟಾದರೂ ಇತ್ತು, ಈಗ ಅದೂ ಮುಗಿದುಹೋಯಿತು ಎಂದ.

"ಒಳಿಕ್ಕೆ ಬುಡ್ಸೋಕೆ ಕೋರ್ಟಿತ್ತು. ಈಗ ಆಚ್ಗೆ ಬುಡ್ಸೋರ್ ಯಾರವ್ವ?"

ಒಂದು ದಾರಿ ಇತ್ತು. ರಾಜಿಯಲ್ಲಿ ಅದೇ ಕೆಲಸಕ್ಕೆ ಎಂದು ಬರೆದಿತ್ತು, ಅದನ್ನು ಹಿಡಿದು ಮತ್ತೆ ಲೇಬರ್ ಆಫೀಸಿಗೆ ಹೋಗಬಹುದಿತ್ತು. ಗೆಲ್ಲುತ್ತಾನೆಂದು ಹೇಳಲಾರೆ, ಹೋಗಬಹುದಿತ್ತು. ಬೇರೆ ಯಾವ ವಕೀಲನಾದರೂ ಹೇಳಬಹುದಾದ ಮಾತು. ಭಾವನ ವಕಾಲತ್ತಿನಲ್ಲಿ ನನ್ನ ಸಹಿ ಇರುವತನಕ ನಾನು ಮಾತ್ರ ಹೇಳುವ ಹಾಗಿರಲಿಲ್ಲ.

"ನಾನು ಎದುರು ಪಾರ್ಟಿಯ ವಕೀಲೆ. ನೀವು ನನ್ನನ್ನು ಕೇಳಬಾರದು," ಎಂದೆ.

"ಊಂ, ಅದೂ ಸರಿಯೇ. ಓಗಿ, ಅಕ್ಕಾರು ಕಾಯ್ತಾವ್ರೆ," ಎಂದ. ಬೇಜಾರಿನಿಂದ ಹೇಳಿದ್ದಲ್ಲ, ನನ್ನನ್ನು ಬಿಡಿಸಿ ಕಳಿಸುವವನ ಹಾಗೆ ಹೇಳಿದ. ನಾನು ಜಗಲಿಯ ಕಡೆ ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಷೆಡ್ಡಿನೊಳಗೆ ಯಂತ್ರ ಶುರುವಾಯಿತು. ತಿರುಗಿ ನೋಡಿದೆ. ಸದ್ದಿಗೆ ಅವನು ಕುರ್ಚಿಯಿಂದ ಎದ್ದು, ಟವೆಲು ತಲೆಗೆ ಸುತ್ತಿಕೊಳ್ಳುತ್ತ ಷೆಡ್ಡಿನ ಕಡೆ ಹೊರಟಿದ್ದ. ಸ್ವಲ್ಪ ದೂರ ಹೋಗಿ ನಿಂತ. ಟವೆಲು ಬಿಚ್ಚಿದ. ವಾಪಸ್ ಬಂದು ಕೂತ.